ಅಣ್ಣನ ಮಡಚುವ ದೋಣಿ

ರೇಜಿನ್ ವಾಸನೆ ಮೂಗಿಗೆ ಬಡಿದರೆ ನನಗೆ ಇವತ್ತಿಗೂ ಮೊದಲು ಬರುವುದು ಕೆಮ್ಮಲ್ಲ, ಸಿಟ್ಟು. ಮೊನ್ನೆ ಹುಮನಾಬಾದಿನ ಬಸ್ ನಿಲ್ದಾಣದ ಎದುರು ಒಬ್ಬ ಮೆಕ್ಯಾನಿಕ್ ಲಾರಿಯ ಒಡೆದ ಬಂಪರಿಗೆ ರೇಜಿನ್ ಅಂಟಿನಲ್ಲಿ ಫೈಬರಿನ ತೇಪೆ ಹಾಕುತ್ತಿದ್ದ. ಗಾಳಿ ನನ್ನ ಕಡೆಗೇ ಇತ್ತು. ಸೆರಗಿನಿಂದ ಮೂಗು ಮುಚ್ಚಿಕೊಂಡೆ, ಆದರೆ ಅಷ್ಟರಲ್ಲಿ ಆ ವರ್ಷ ಪೂರ್ತಿ ಕಣ್ಣೆದುರು ಬಂದು ನಿಂತಿತ್ತು, ನಡುವೆ ನಮ್ಮ ಅಣ್ಣ, ಕೈಯಲ್ಲಿ ಸುರುಳಿ ಸುತ್ತಿದ ನಕ್ಷೆ. ಬಸ್ಸು ಬರುವವರೆಗೂ ಅವನ ಜೊತೆ ಮನಸ್ಸಿನಲ್ಲೇ ಇನ್ನೊಂದು ಸುತ್ತು ಜಗಳವಾಡಿದೆ.

ನಮ್ಮದು ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ವರ್ಕ್‌ಶಾಪು. ಸುತ್ತಲಿನ ಕೆಮಿಕಲ್ ಕಂಪನಿಗಳಿಗೆ ಆ್ಯಸಿಡ್ ತುಂಬುವ ಫೈಬರ್ ಟಾಕಿ, ಪೈಪು, ಮುಚ್ಚಳ ಮಾಡಿಕೊಡುವ ಕೆಲಸ. ನಮ್ಮ ಮನೆಯವರು ಔಷಧಿ ಕಂಪನಿಯೊಂದರಲ್ಲಿ ಪಾಳಿ ಮಾಡುತ್ತಿದ್ದರು, ಹೀಗಾಗಿ ವರ್ಕ್‌ಶಾಪಿನ ಭಾರ ನನ್ನ ಮೇಲೆಯೇ. ನನ್ನ ಜೊತೆ ಖಾಜಾಭಾಯಿ. ವೆಲ್ಡಿಂಗಿನಲ್ಲಿ ಪಳಗಿದ ಕೈ, ಬಾಯಿ ಮಾತ್ರ ದಿನಕ್ಕೆ ನಾಲ್ಕು ಮಾತಿಗಿಂತ ಹೆಚ್ಚು ತೆರೆಯದು. ನನಗೆ ದಮ್ಮು ಹತ್ತಿದ ಮೇಲೆ ಡಾಕ್ಟರು ಆ ವಾಸನೆಯಿಂದ ದೂರ ಇರಲು ಹೇಳಿದರು. ಈಗ ಖಾಜಾಭಾಯಿಯೇ ಎಲ್ಲ ನೋಡಿಕೊಳ್ಳುತ್ತಾರೆ. ಆದರೆ ನಾನು ಹೇಳುತ್ತಿರುವ ವರ್ಷ ಇನ್ನೂ ಬೆಳಿಗ್ಗೆಯಿಂದ ಸಂಜೆಯವರೆಗೆ ಕೈಗೆ ರೇಜಿನ್ ಅಂಟಿಸಿಕೊಂಡೇ ಇರುತ್ತಿದ್ದೆ.

ಅಣ್ಣ ಸಿದ್ಧಾರ್ಥ ಮುಂಬೈಯಲ್ಲಿ ಹಡಗು ರಿಪೇರಿಯ ಕೆಲಸದಲ್ಲಿದ್ದವನು. ನಿವೃತ್ತಿಯಾಗಿ ಬಸವಕಲ್ಯಾಣಕ್ಕೆ ಬಂದು ಮನೆ ಮಾಡಿದ್ದ. ಆಯುಷ್ಯವೆಲ್ಲ ಬೇರೆಯವರು ಬರೆದ ನಕ್ಷೆ ನೋಡಿ ಬೇರೆಯವರ ಹಡಗಿಗೆ ತಗಡು ಬಡಿದಿದ್ದ. ತನ್ನದು ಅನ್ನುವ ಒಂದು ದೋಣಿ ಮಾಡಬೇಕೆಂಬ ಹುಚ್ಚು ಅವನಿಗೆ ಯಾವಾಗಿನಿಂದ ಇತ್ತೋ ನನಗೆ ಗೊತ್ತಿಲ್ಲ. ಸಮುದ್ರ ಬಿಟ್ಟು, ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ನಮ್ಮ ಊರಿಗೆ ಬಂದ ಮೇಲೆ ಆ ಹುಚ್ಚು ತಲೆಗೇರಿತು. ದೀಪಾವಳಿ ಮುಗಿದ ವಾರವೇ ನಕ್ಷೆ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದ. ಆರ್ಡರು ರದ್ದಾದ ಟಾಕಿಯೊಂದರ ರೇಜಿನ್ನು, ಗಾಜಿನೆಳೆಯ ಮ್ಯಾಟು ನನ್ನಲ್ಲಿ ಹಾಗೇ ಬಿದ್ದಿದೆ ಎಂದು ಅವನಿಗೆ ಯಾರು ಹೇಳಿದರೋ.

ನಾನು ನಕ್ಕು ಕಳಿಸಿಬಿಡುತ್ತಿದ್ದೆ. ಆದರೆ ಅವನು ದೋಣಿಯ ಸುದ್ದಿ ತೆಗೆಯುವ ಮೊದಲು ಒಂದು ತೆಪ್ಪದ ಸುದ್ದಿ ಹೇಳಿದ. ಅತ್ತಿಗೆಯ ತವರು ಕಾರಂಜಾ ಜಲಾಶಯದ ಹಿನ್ನೀರಿನ ದಂಡೆಯ ಒಂದು ಹಳ್ಳಿ. ಅಲ್ಲಿ ಮಳೆಗಾಲದಲ್ಲಿ ನೀರು ಏರಿದರೆ ಊರು ಒಂದು ದಡ, ಹೊಲಗಳು ಇನ್ನೊಂದು ದಡ. ರಸ್ತೆ ಹಿಡಿದು ಹೋದರೆ ಸುತ್ತು ಬಳಸಿ ಮಧ್ಯಾಹ್ನವಾಗುತ್ತದೆ, ಅಷ್ಟು ತಡವಾಗಿ ಬಂದವರಿಗೆ ಕೂಲಿ ಕೊಡುವವರಾರು? ಹೀಗಾಗಿ ಕಳೆ ತೆಗೆಯಲು ಹೋಗುವ ಹೆಂಗಸರು ಪ್ಲಾಸ್ಟಿಕ್ ಡ್ರಮ್ಮಿಗೆ ಹಲಗೆ ಕಟ್ಟಿ, ದಡದಿಂದ ದಡಕ್ಕೆ ಬಿಗಿದ ಹಗ್ಗ ಜಗ್ಗುತ್ತ ದಾಟುತ್ತಿದ್ದರು. ಹಿಂದಿನ ಶ್ರಾವಣದಲ್ಲಿ ಅದು ನಡುನೀರಿನಲ್ಲಿ ಮಗುಚಿತ್ತು. ಹಗ್ಗ ಕೈಯಲ್ಲಿದ್ದುದರಿಂದ ಎಲ್ಲರೂ ಬದುಕಿದರು. ಆ ಗುಂಪಿನ ಹಿರಿಯಳು ಚಂದ್ರಮ್ಮ. ಅವಳ ಸೊಸೆ ಅನಿತಾ ಮಾತ್ರ ತೆಪ್ಪದ ಅಡಿಗೆ ಸಿಕ್ಕಿ, ಬಹಳ ಹೊತ್ತಿನ ಮೇಲೆ ಮೇಲೆ ಬಂದಿದ್ದಳಂತೆ. ಆಮೇಲೆ ಅವಳು ನೀರಿನ ದಂಡೆಗೇ ಬರಲಿಲ್ಲ. ಉಳಿದವರು ಮೂರನೆಯ ದಿನ ಮತ್ತೆ ಅದೇ ತೆಪ್ಪ ಹತ್ತಿದರು.

ಇದನ್ನು ಕೇಳಿದ ಮೇಲೆ ನಾನು ನಕ್ಷೆ ಬಿಚ್ಚು ಅಂದೆ. ಮುಂದಿನ ಎಂಟು ತಿಂಗಳಲ್ಲಿ ಆ ಒಂದು ಮಾತಿಗಾಗಿ ನನ್ನನ್ನು ನಾನೇ ಎಷ್ಟು ಸಲ ಬೈದುಕೊಂಡೆನೋ.

ದೋಣಿ ಒಂದಲ್ಲ, ಎರಡು. ಉದ್ದನೆಯ, ತೆಳ್ಳನೆಯ ಎರಡು ದೋಣಿಗಳನ್ನು ದೂರ ದೂರ ಇಟ್ಟು, ನಡುವೆ ಎರಡು ಅಡ್ಡ ಬೀಮು ಹಾಕಿ, ಅದರ ಮೇಲೆ ಜನ ಕೂರುವ ಹಲಗೆ. ಮುಂಬೈಯವರು ಇದಕ್ಕೆ ಕೆಟಮರಾನ್ ಅನ್ನುತ್ತಾರೆಂದ. ಒಂಟಿ ದೋಣಿಯಲ್ಲಿ ಎಲ್ಲರೂ ಒಂದೇ ಮಗ್ಗುಲಿಗೆ ವಾಲಿದರೆ ಮಗುಚುತ್ತದೆ, ಇದು ಮಗುಚುವುದಿಲ್ಲ. ಅಲ್ಲಿಗೆ ಸರಿ. ಆದರೆ ಇದು ಎತ್ತಿನ ಗಾಡಿಗಿಂತ ಅಗಲ, ಆ ಹಳ್ಳಿಗೆ ಹೋಗುವ ದಾರಿ ಕಬ್ಬಿನ ಹೊಲಗಳ ನಡುವಿನ ಇಕ್ಕಟ್ಟಾದ ದಾರಿ. ನೀರಿನ ಅಂಚೂ ಒಂದೇ ಕಡೆ ನಿಲ್ಲುವುದಿಲ್ಲ, ಬೇಸಿಗೆಯಲ್ಲಿ ಮೈಲಿಗಟ್ಟಲೆ ಹಿಂದೆ ಸರಿದುಬಿಡುತ್ತದೆ. ಆದ್ದರಿಂದ ದೋಣಿ ನಡುವೆ ಮಡಚಬೇಕು, ಟ್ರೇಲರ್ ಮೇಲೆ ಕೂರಬೇಕು, ಟ್ರ್ಯಾಕ್ಟರಿನ ಹಿಂದೆ ಎಳೆದರೆ ಬರಬೇಕು. ಅಷ್ಟೇ ಅಲ್ಲ, ಒಬ್ಬನೇ ಮನುಷ್ಯ ಚಹಾ ಆರುವುದರೊಳಗೆ ಅದನ್ನು ಬಿಚ್ಚಬೇಕು, ಮಡಚಬೇಕು. ಕೊನೆಯ ಈ ಷರತ್ತನ್ನು ಅಣ್ಣನಿಗೆ ಯಾರೂ ಹಾಕಿರಲಿಲ್ಲ. ಅದು ಅವನ ಸ್ವಂತದ ಠೇಂಕಾರ.

ಆಮೇಲೆ ಶುರುವಾಯಿತು ನೋಡಿ. ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಮೊದಲ ಬಸ್ಸಿಗೆ ಹೊರಟು ಬಂದುಬಿಡುವನು. ಬರುವಾಗ ಬಸ್ಸಿನಲ್ಲಿ ಕೂತು ಹಿಂದಿನ ದಿನದ ನಕ್ಷೆ ತಿದ್ದಿರುತ್ತಿದ್ದ. ಹೆದ್ದಾರಿಯ ಕುಲುಕಾಟಕ್ಕೆ ಅವನ ಗೆರೆಗಳೆಲ್ಲ ಹಾವಿನ ಹಾಗೆ ಓಡಾಡುತ್ತಿದ್ದವು. ಯಾವುದು ದೋಣಿಯ ಬಾಗು, ಯಾವುದು ರಸ್ತೆಯ ಗುಂಡಿ ಎಂದು ಕೇಳಿದರೆ ಸಿಟ್ಟು. ನಾನು ಮೊನ್ನೆಯ ಅಳತೆಗೆ ಪ್ಲೈವುಡ್ ಕೊಯ್ದಿದ್ದರೆ ಇವತ್ತು ಅದು ಗಿಡ್ಡ. ಖಾಜಾಭಾಯಿ ಕಬ್ಬಿಣ ಕೊಯ್ಯುವ ಮೊದಲು ಮರುದಿನದ ಬಸ್ಸು ಬರುವವರೆಗೆ ಕಾಯುವ ಪಾಠ ಬೇಗ ಕಲಿತರು, ನಾನು ತಡವಾಗಿ ಕಲಿತೆ.

ಸಂಕ್ರಾಂತಿ ಹೊತ್ತಿಗೆ ಒಂದು ಸಣ್ಣ ಮಾದರಿ ಮಾಡಿ ವರ್ಕ್‌ಶಾಪಿನ ಟಾಕಿಯ ನೀರಿನಲ್ಲಿ ಬಿಟ್ಟೆವು. ಹೆಂಗಸರ ಬದಲು ಆಲೂಗಡ್ಡೆ. ಅಣ್ಣ ಒಂದೊಂದನ್ನೂ ತೂಗಿ, ಯಾವುದು ಎಲ್ಲಿ ಎಂದು ಗುರುತು ಹಾಕಿ ಇಟ್ಟ. ಮಾದರಿ ಹೂವಿನ ಹಾಗೆ ತೇಲಿತು. ಆ ದಿನ ಅವನ ಮುಖ ನೋಡಿ ನನಗೂ ಉಮೇದು ಬಂದಿತು ಅನ್ನುವುದನ್ನು ಒಪ್ಪಬೇಕು. ಮರುದಿನವೇ ದೊಡ್ಡ ಅಚ್ಚಿನ ಕೆಲಸ ಹಿಡಿದೆವು.

ಫೈಬರಿನ ಕೆಲಸದಲ್ಲಿ ಅಚ್ಚಿಗೆ ಮೇಣ ಸವರುವುದೇ ಅರ್ಧ ಕೆಲಸ. ಸವರಿ, ಒಣಗಿಸಿ, ಉಜ್ಜಿ, ಮತ್ತೆ ಸವರಬೇಕು. ಹಾಗೆ ಐದಾರು ಸಲ. ಇಲ್ಲದಿದ್ದರೆ ಒಳಗೆ ಗಟ್ಟಿಯಾದ ವಸ್ತು ಅಚ್ಚು ಬಿಟ್ಟು ಬರುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದೆ. ಹಡಗು ನೋಡಿದವನಿಗೆ ಟಾಕಿ ಮಾಡುವವಳು ಏನು ಹೇಳಿಕೊಡುತ್ತಾಳೆ ಎಂಬಂತೆ ತಲೆಯಾಡಿಸಿದ. ನಾನು ಒಂದು ಕಂಪನಿಯ ಟಾಕಿ ನೋಡಲು ಹೋಗಿದ್ದ ದಿನ ತಾನೇ ಒಂದೇ ಸಲ ಮೇಣ ಸವರಿ ಮ್ಯಾಟು ಹಾಕಿಸಿಬಿಟ್ಟಿದ್ದ. ಮೊದಲನೆಯ ದೋಣಿ ಅಚ್ಚಿಗೆ ಕಚ್ಚಿಕೊಂಡಿತು. ಬೆಣೆ ಬಡಿದರೂ ಇಲ್ಲ, ನೀರು ಬಿಟ್ಟರೂ ಇಲ್ಲ. ಕೊನೆಗೆ ಖಾಜಾಭಾಯಿ ಗ್ರೈಂಡರ್ ತಂದು ಅಚ್ಚನ್ನೇ ಕೊಯ್ದು ದೋಣಿ ಬಿಡಿಸಿದರು. ಅಚ್ಚು ಹೋಯಿತು, ಜೊತೆಗೆ ಎರಡು ತಿಂಗಳೂ. ಅಣ್ಣ ಚೂರುಗಳನ್ನು ನೋಡುತ್ತ, ಹೇಗೂ ಆ ಬಾಗು ತನ್ನ ಮನಸ್ಸಿಗೆ ಬಂದಿರಲಿಲ್ಲ, ಹೊಸ ಅಚ್ಚಿನಲ್ಲಿ ತಿದ್ದೋಣ ಎಂದ. ನಾನು ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ನಿಂತು ನನ್ನಷ್ಟಕ್ಕೆ ಬೈದು ಬಂದೆ.

ಅಷ್ಟರಲ್ಲಿ ಬೇಸಿಗೆ ಬಂತು. ನಮ್ಮ ಕಡೆಯ ಬೇಸಿಗೆಯಲ್ಲಿ ತಗಡಿನ ಶೆಡ್ಡಿನ ಕೆಳಗೆ ರೇಜಿನ್ ಕಲಸುವುದು ಒಲೆಯ ಮೇಲೆ ಕೂತು ಹಿಟ್ಟು ನಾದಿದಂತೆ. ಗಟ್ಟಿ ಮಾಡುವ ರಸ ಒಂದು ಹನಿ ಹೆಚ್ಚಾದರೆ ಡಬ್ಬದಲ್ಲೇ ಕಲ್ಲಾಗಿ ಹೊಗೆ ಏಳುತ್ತದೆ. ಹೀಗಾಗಿ ಸೂರ್ಯ ಹುಟ್ಟುವ ಮೊದಲೇ ಬಂದು, ಬಿಸಿಲು ತಗಡಿಗೆ ತಾಗುವುದರೊಳಗೆ ಒಂದು ಪದರ ಮುಗಿಸುತ್ತಿದ್ದೆವು. ಬೆಳಕು ಹರಿಯುವ ಮೊದಲು ಬರಲು ಅಣ್ಣನಿಗೆ ಬಸ್ಸಿರಲಿಲ್ಲ. ಆ ತಿಂಗಳಲ್ಲಿ ಕೆಲಸ ಚುರುಕಾಗಿ ನಡೆಯಿತು, ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಅವನು ವಾದಿಸುತ್ತಾನೆ. ಎರಡೂ ದೋಣಿ ಹೊಳೆಯುತ್ತ ಅಚ್ಚಿನಿಂದ ಬಂದವು.

ಮಡಚುವ ಭಾಗ ಖಾಜಾಭಾಯಿಯದು. ಅಡ್ಡ ಬೀಮುಗಳನ್ನು ನಟ್ಟನಡುವೆ ಕೊಯ್ದು, ಕೆಳಗಡೆ ಬಿಜಾಗರಿ ಹಾಕಿದರು, ಬಾಗಿಲಿಗೆ ಹಾಕುತ್ತಾರಲ್ಲ ಹಾಗೆ, ಆದರೆ ತೊಡೆಯಷ್ಟು ದಪ್ಪ. ನಡುವೆ ಹಿಡಿದು ಮೇಲಕ್ಕೆ ಎತ್ತಿದರೆ ಬೀಮು ಗುಡಿಸಲ ಮಾಡಿನಂತೆ ಏಳುತ್ತದೆ, ಎರಡು ದೋಣಿ ಒಂದರ ಹತ್ತಿರ ಒಂದು ಸರಿಯುತ್ತವೆ. ಕೆಳಗೆ ಬಿಟ್ಟರೆ ಬೀಮಿನ ಎರಡು ತುಂಡುಗಳು ಹಣೆಗೆ ಹಣೆ ಕೊಟ್ಟು ನಿಲ್ಲುತ್ತವೆ. ಮೇಲೆ ಜನ ಕೂತಷ್ಟೂ ಇನ್ನೂ ಬಿಗಿಯಾಗುತ್ತವೆ. ಮೇಲೆ ಏಳದಂತೆ ಒಂದೊಂದು ಉಕ್ಕಿನ ಪಿನ್ನು. ಚೆಂದದ ಲೆಕ್ಕವೇ, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಮಾಡುವಾಗ ಅಣ್ಣ ಎಡ, ಬಲ ಅನ್ನದೆ ಪೋರ್ಟು, ಸ್ಟಾರ್‌ಬೋರ್ಡು ಅನ್ನುತ್ತಿದ್ದ. ಖಾಜಾಭಾಯಿ ಸ್ಟಾರ್‌ಬೋರ್ಡನ್ನು ಎಡ ಎಂದು ತಿಳಿದು ಒಂದು ಬಿಜಾಗರಿ ತಿರುವುಮುರುವಾಗಿ ಬೆಸೆದುಬಿಟ್ಟರು. ಅವತ್ತು ಅವರು ಆ ವರ್ಷದ ಅತಿ ಉದ್ದದ ಮಾತಾಡಿದರು.

"ಸಾಬ್, ನಂಗ ಎಡಾ-ಬಲಾ ಅಷ್ಟೇ ಬರ್ತದ. ನಿಮ್ಮ ಹಡಗಿನ ಭಾಷಾ ಹಡಗಿನ್ಯಾಗೇ ಇಡ್ರಿ."

ಮೇ ತಿಂಗಳ ಹೊತ್ತಿಗೆ ಟ್ರೇಲರ್ ತಯಾರಾಯಿತು. ಮೊದಲ ಪರೀಕ್ಷೆ ನಮ್ಮ ಪರಿಚಯದ ರೈತರೊಬ್ಬರ ಕೃಷಿ ಹೊಂಡದಲ್ಲಿ. ಮಡಚಿದ ದೋಣಿ ಬಾನಿಗೆ ಮೂತಿ ಎತ್ತಿ ಕೂತ ಯಾವುದೋ ದೊಡ್ಡ ಹಕ್ಕಿಯ ಹಾಗೆ ಕಾಣುತ್ತಿತ್ತು. ಹೆದ್ದಾರಿ ದಾಟುವಾಗ ಪೊಲೀಸರೊಬ್ಬರು ಕೈ ಅಡ್ಡ ಹಿಡಿದು ಇದೇನೆಂದು ಕೇಳಿದರು. ದೋಣಿ ಎಂದು ಒಂದೇ ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಅಣ್ಣ ಟ್ರ್ಯಾಕ್ಟರಿನಿಂದ ಇಳಿದು ಅವರಿಗೆ ತೇಲುವ ವಸ್ತುಗಳ ಶಾಸ್ತ್ರವನ್ನೇ ಹೇಳತೊಡಗಿದ. ಹಿಂದೆ ಲಾರಿಗಳು ಸಾಲು ನಿಂತು ಹಾರ್ನ್ ಬಾರಿಸುತ್ತಿದ್ದವು. ಕೊನೆಗೆ ಪೊಲೀಸರೇ ಕೈಮುಗಿದು, ಹೋಗ್ರಿ ಅಂದರು.

ಹೊಂಡದಲ್ಲಿ ಎಲ್ಲವೂ ಸುಸೂತ್ರ. ತೊಗರಿ ಚೀಲಗಳಿಗೆ ಮರಳು ತುಂಬಿ, ಹೆಂಗಸರು ಕೂರುವ ಜಾಗದಲ್ಲಿ ಸಾಲಾಗಿ ಇಟ್ಟೆವು. ದೋಣಿ ಅಣ್ಣ ಗೆರೆ ಹಾಕಿದ ಮಟ್ಟಕ್ಕೇ ಮುಳುಗಿ ನಿಂತಿತು, ಒಂದು ಬೆರಳೂ ಆಚೀಚೆ ಇಲ್ಲ. ಅಣ್ಣ ಒಬ್ಬನೇ ಅದನ್ನು ಮಡಚಿ ಬಿಚ್ಚಿ ತೋರಿಸಿದ. ಹೊಲದವರು ಚಪ್ಪಾಳೆ ಹೊಡೆದರು. ನಾನು ಒಂದು ಮಾತು ಕೇಳಿದೆ, ಚೀಲ ಇಟ್ಟಲ್ಲಿ ಕೂರುತ್ತವೆ, ಮನುಷ್ಯರು ಕೂರುತ್ತಾರಾ? ಕೂರಬೇಕು ಎಂದು ಹೇಳುತ್ತೇನೆ ಅಂದ ಅವನು.

ಮಿರಗ, ಅಂದರೆ ಮೃಗಶಿರಾ ಮಳೆಗೆ ಇನ್ನೂ ಸ್ವಲ್ಪ ದಿನ ಇತ್ತು. ಹಿನ್ನೀರು ಬೇಸಿಗೆಗೆ ಬತ್ತಿ ನಡುವೆ ಒಂದು ಹರವಾದ ಕಾಲುವೆಯಂತಾಗಿತ್ತು, ಆದರೂ ಆಳ ಇತ್ತು. ದೋಣಿಯನ್ನು ಆ ಹಳ್ಳಿಗೆ ಒಯ್ದು ನೀರಿಗಿಳಿಸಿ, ದಡದಿಂದ ದಡಕ್ಕೆ ಹಗ್ಗ ಕಟ್ಟಿದೆವು. ಅಂದು ಮೊದಲ ಸಲ ಚಂದ್ರಮ್ಮನನ್ನು ನೋಡಿದೆ. ಎತ್ತರದ ಹೆಂಗಸು, ಸೊಂಟದಲ್ಲಿ ಕುಡುಗೋಲು, ಯಾರು ಏನು ಹೇಳಿದರೂ ಒಂದು ಕ್ಷಣ ತಡೆದು ಉತ್ತರ ಕೊಡುವವಳು. ಅವಳ ಹಿಂದೆ ಅನಿತಾ ನಿಂತಿದ್ದಳು. ಈ ದೋಣಿ ಮಗುಚುವುದಿಲ್ಲ ಎಂದು ಅಣ್ಣ ಎರಡು ಸಲ ಅವರ ಮನೆಗೆ ಹೋಗಿ ಹೇಳಿ ಬಂದಿದ್ದನಂತೆ. ಅತ್ತೆ ಸೊಸೆಯ ಕೈ ಹಿಡಿದು ಹತ್ತಿಸಿದಳು. ಅನಿತಾ ನಡುವೆ, ಬೀಮಿನ ಎರಡು ತುಂಡು ಕೂಡುವ ಜಾಗದ ಪಕ್ಕದಲ್ಲಿ ಕೂತಳು. ನೀರಿನಿಂದ ಅತಿ ದೂರದ ಜಾಗ ಅದೇ ಎಂದು ಅಣ್ಣನೇ ತೋರಿಸಿದ್ದು.

ಹೋಗುವಾಗ ಏನೂ ಆಗಲಿಲ್ಲ. ಬರುವಾಗ ದಡ ಹತ್ತಿರವಾಯಿತು. ಕೂಲಿ ಮುಗಿಸಿ ಮನೆಗೆ ಹೊರಟ ಹೆಂಗಸರು ದಡ ಕಂಡರೆ ಏನು ಮಾಡುತ್ತಾರೋ ಅದನ್ನೇ ಇವರೂ ಮಾಡಿದರು. ದೋಣಿ ಇನ್ನೂ ಮುಟ್ಟುವ ಮೊದಲೇ ಎಲ್ಲರೂ ಒಮ್ಮೆಗೇ ಎದ್ದು, ಇಳಿಯುವ ಕಡೆಯ ದೋಣಿಯ ಹೊರ ಅಂಚಿಗೆ ಬಂದು ನಿಂತರು. ಅಣ್ಣ ದಡದಿಂದ ಕೂತ್ಕೊಳ್ರಿ, ಕೂತ್ಕೊಳ್ರಿ ಎಂದು ಕೂಗುತ್ತಿದ್ದ. ಅಷ್ಟು ಭಾರ ಹೊರ ಅಂಚಿಗೆ ಬಿದ್ದಾಗ ಆ ಮಗ್ಗುಲು ಕೆಳಗೆ ವಾಲಿತು, ನಡುವಿನ ಬೀಮು ಮೇಲೆ ಎದ್ದಿತು. ಪಿನ್ನು ಮುರಿದ ಸದ್ದು ನನಗೆ ಚೆನ್ನಾಗಿ ನೆನಪಿದೆ, ಒಣ ಕಟ್ಟಿಗೆ ಮುರಿದ ಹಾಗೆ. ಹಣೆಗೆ ಹಣೆ ಕೊಟ್ಟಿದ್ದ ಬೀಮು ಬಾಯಿ ತೆರೆಯಿತು. ಅಂಚಿನಲ್ಲಿದ್ದವರೆಲ್ಲ ಸೊಂಟದ ಮಟ್ಟದ ನೀರಿಗೆ ಬಿದ್ದರು. ಭಾರ ಹೋದ ತಕ್ಷಣ ನಡುವು ಕೆಳಗಿಳಿದು ಬಾಯಿ ಮುಚ್ಚಿಕೊಂಡಿತು. ಅನಿತಾಳ ಸೆರಗು ಅದರೊಳಗಿತ್ತು.

ಅವಳು ಕೂಗಲಿಲ್ಲ. ಕತ್ತು ಕೆಳಗೆ ಜಗ್ಗಿ, ಮುಖ ಹಲಗೆಗೆ ಒತ್ತಿ, ಎರಡೂ ಕೈಯಿಂದ ಸೀರೆ ಎಳೆಯುತ್ತಿದ್ದಳು. ದೋಣಿ ಮತ್ತೆ ಅಲುಗಿತು, ಮತ್ತೊಂದು ಮೊಳ ಸೆರಗು ಒಳಗೆ ಹೋಯಿತು. ನಾನು ನೀರಿಗೆ ಇಳಿದು ಓಡಲು ನೋಡಿದೆ, ಕೆಸರಿನಲ್ಲಿ ಕಾಲು ಹೂತವು. ಅಷ್ಟರಲ್ಲಿ ಚಂದ್ರಮ್ಮ ನೀರಿನಿಂದ ಎದ್ದು, ದೋಣಿ ಹತ್ತಿ, ಸೊಂಟದ ಕುಡುಗೋಲು ತೆಗೆದು ಸೊಸೆಯ ಕೊರಳ ಹತ್ತಿರದಲ್ಲೇ ಸೀರೆ ಕೊಯ್ದಳು. ಆಮೇಲೆ ಅವಳನ್ನು ಎಬ್ಬಿಸಿ, ತನ್ನ ಸೆರಗನ್ನು ಅವಳ ಹೆಗಲಿಗೆ ಹಾಕಿದಳು. ಇಬ್ಬರೂ ನೀರಿನಲ್ಲಿ ನಡೆದು ದಡಕ್ಕೆ ಬಂದರು.

ಅಣ್ಣನ ಎದುರು ಬಂದು ಚಂದ್ರಮ್ಮ ನಿಂತಳು. "ಮಗುಚಂಗಿಲ್ಲ ಅಂದಿದ್ರಿ. ಖರೆ, ಮಗುಚ್ಲಿಲ್ಲ," ಅಂದಳು. ಅಷ್ಟೇ. ಊರಿನ ಕಡೆ ಹೊರಟುಹೋದಳು, ಉಳಿದವರೂ ಅವಳ ಹಿಂದೆ.

ಟ್ರ್ಯಾಕ್ಟರಿನಲ್ಲಿ ವಾಪಸು ಬರುವಾಗ ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಸುಮ್ಮನೇ ಇದ್ದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಹುಮನಾಬಾದ್ ಹತ್ತಿರ ಬರುವಾಗ, ಕೂತ್ಕೊಳ್ರಿ ಅಂದರೆ ಕೇಳದ ಜನಕ್ಕೆ ಏನು ಮಾಡಬೇಕು ಎಂದ. ಒಳಗೆ ಇಷ್ಟು ತಿಂಗಳು ಕಟ್ಟಿಟ್ಟಿದ್ದುದೆಲ್ಲ ನನ್ನ ಬಾಯಿಂದ ಒಮ್ಮೆಗೇ ಬಂತು. ಆಲೂಗಡ್ಡೆ, ಮರಳಿನ ಚೀಲ, ಇವೇ ನಿನ್ನ ಜನ, ಮನುಷ್ಯರನ್ನು ನೀನು ಯಾವಾಗ ತೂಗಿ ನೋಡಿದ್ದಿ ಎಂದೆ. ಹಡಗು ರಿಪೇರಿ ಮಾಡಿದವನ ಗರ್ವ, ಸರಿಯಾಗಿ ಮೇಣ ಹಚ್ಚದೆ ಕೆಡಿಸಿದ ಅಚ್ಚು, ಬಸ್ಸಿನಲ್ಲಿ ತಿದ್ದಿದ ನಕ್ಷೆ, ಒಂದನ್ನೂ ಬಿಡಲಿಲ್ಲ. ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಬೀಡಿ ಸೇದುವ ನೆಪದಲ್ಲಿ ದೂರ ಹೋದ. ಅಣ್ಣ ಇಳಿದು ಕೈಕಟ್ಟಿ ನಿಂತು ಎಲ್ಲ ಕೇಳಿಸಿಕೊಂಡ. ಆಮೇಲೆ ಬಸವಕಲ್ಯಾಣದ ಕಡೆಗೆ ಹೋಗುವ ಬಸ್ಸಿಗೆ ಕೈ ತೋರಿಸಿ ಹತ್ತಿ ಹೋದ. ಮರುದಿನ ಬರಲಿಲ್ಲ. ಆ ವಾರವೂ ಬರಲಿಲ್ಲ. ಅತ್ತಿಗೆ ಫೋನ್ ಮಾಡಿ, ಊಟ ಸರಿಯಾಗಿ ಮಾಡುತ್ತಿಲ್ಲ, ಮಾಳಿಗೆಯ ಮೇಲೆ ಕೂತಿರುತ್ತಾರೆ ಅಂದರು. ಕೂತಿರಲಿ ಬಿಡ್ರಿ ವೈನಿ ಅಂದೆ ನಾನು. ಕೋಪ ಇನ್ನೂ ಇಳಿದಿರಲಿಲ್ಲ.

ಆದರೆ ದೋಣಿ ವರ್ಕ್‌ಶಾಪಿನ ಅಂಗಳದಲ್ಲಿ ಬಿದ್ದಿತ್ತು, ಮಳೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ನಾನೊಬ್ಬಳೇ ಆ ಹಳ್ಳಿಗೆ ಹೋದೆ. ಚಂದ್ರಮ್ಮ ಮನೆಯಲ್ಲಿರಲಿಲ್ಲ. ಅನಿತಾ ಅಂಗಳದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಕೊರಳ ಮೇಲೆ ಸೀರೆ ಉಜ್ಜಿದ ಕೆಂಪು ಗೆರೆ ಇನ್ನೂ ಇತ್ತು. ನಾನು ಏನೇನೋ ಹೇಳಿದೆ, ತಪ್ಪಾಯಿತು ಎಂದೆ, ಇನ್ನು ದೋಣಿಯ ಸುದ್ದಿ ಬೇಡ ಎಂದೆ. ಅವಳು ಮೊರ ಕೆಳಗಿಟ್ಟು ನನಗೆ ನೀರು ತಂದುಕೊಟ್ಟಳು.

"ಬ್ಯಾಡ ಅಂದ್ರ ಹ್ಯಾಂಗ್ರಿ ಅಕ್ಕೋರ? ಸೋಯಾ ಕಳೆ ಬಂತಂದ್ರ ಇವರು ಮತ್ತ ಆ ಡ್ರಮ್ಮೇ ಹತ್ತಾವ್ರು. ಅತ್ತಿ ನಿನ್ನೀನೇ ಅದಕ್ಕ ಹಗ್ಗ ಕಟ್ಟಾಕತ್ತಿದ್ರು," ಅಂದಳು. ಮತ್ತೆ ಮೊರ ಕೈಗೆತ್ತಿಕೊಂಡು, "ಆ ಡ್ರಮ್ಮಿನಕಿಂತಾ ನಿಮ್ದು ಚೊಲೋ ಅದ. ಅದರ ಬಾಯಿ ಒಂದು ಮುಚ್ಚಿ ಕೊಡ್ರಿ," ಎಂದಳು.

ಬಾಯಿ ಮುಚ್ಚುವುದೆಂದರೆ ನನ್ನ ದಂಧೆಯೇ ಅದು. ಆ್ಯಸಿಡ್ ಟಾಕಿಗಳಿಗೆ ನಾನು ಎಷ್ಟು ಮುಚ್ಚಳ ಮಾಡಿಲ್ಲ? ಸುತ್ತ ಕೆಳಗೆ ಬಾಗಿದ ಅಂಚು, ಬಾಗಿದ ಅಂಚಿಗೆ ಬೋಲ್ಟು, ಒಳಗಿನ ಒತ್ತಡ ಎಷ್ಟೇ ಇರಲಿ ಮೇಲೆ ಏಳದು. ಬರುವ ದಾರಿಯಲ್ಲೇ ಅದು ಕಣ್ಣಿಗೆ ಕಟ್ಟಿತು. ಎರಡು ತುಂಡಿನ ಹಲಗೆ ತೆಗೆದುಹಾಕಿ, ಎರಡೂ ಬೀಮಿನ ಮೇಲೆ ಒಂದೇ ಅಖಂಡ ಮುಚ್ಚಳ ಕೂರಿಸಬೇಕು. ಅದರ ಅಂಚು ಬೀಮನ್ನು ಮೇಲಿನಿಂದ ಅಪ್ಪಿ ಹಿಡಿಯಬೇಕು. ಮುಚ್ಚಳ ಇರುವವರೆಗೆ ದೋಣಿ ಮಡಚಲು ಮನಸ್ಸು ಮಾಡಿದರೂ ಮಡಚದು. ಕೂಡುವ ಜಾಗವೂ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ, ಸೆರಗು ಹೋಗಲು ಸಂದಿಯೇ ಇರುವುದಿಲ್ಲ. ಮಡಚಬೇಕಾದರೆ ನಾಲ್ಕು ಜನ ಸೇರಿ ಬೋಲ್ಟು ಬಿಚ್ಚಿ ಅದನ್ನು ಎತ್ತಿ ಕೆಳಗಿಡಬೇಕು.

ಆ ಕೊನೆಯ ಮಾತನ್ನು ಅಣ್ಣನಿಗೆ ಹೇಳಲು ನಾನೇ ಬಸವಕಲ್ಯಾಣಕ್ಕೆ ಹೋದೆ. ಅವನು ಮಾಳಿಗೆಯ ಮೇಲೆಯೇ ಇದ್ದ. ಪಕ್ಕದಲ್ಲಿ ಹೊಸ ನಕ್ಷೆಗಳು ಗುಡ್ಡೆಯಾಗಿದ್ದವು, ಎಲ್ಲವೂ ಪಿನ್ನಿನವೇ. ದಪ್ಪ ಪಿನ್ನು, ಜೋಡಿ ಪಿನ್ನು, ಸ್ಪ್ರಿಂಗ್ ಇರುವ ಪಿನ್ನು. ನಾನು ಮುಚ್ಚಳದ ವಿಷಯ ಹೇಳಿದೆ. ಕೇಳಿ ಮುಖ ಸಣ್ಣದು ಮಾಡಿಕೊಂಡ.

"ಒಬ್ಬನೇ ಮಡಚೋ ದೋಣಿ ಸುಜಾ ಇದು. ಅದನ್ನೇ ತೆಗದ್ರ ನನ್ನದಂತ ಇದರಾಗ ಏನು ಉಳೀತು?"

"ಅಲ್ಲಿ ಯಾರೂ ಒಬ್ಬರೇ ಇರಂಗಿಲ್ಲ ಅಣ್ಣಾ. ಯಾವಾಗ ನೋಡಿದ್ರೂ ಹತ್ತು ಮಂದಿ ಇರ್ತಾರ," ಅಂದೆ.

ಅವನು ನಕ್ಷೆಗಳನ್ನು ಒಂದರ ಮೇಲೊಂದು ಸರಿಯಾಗಿ ಜೋಡಿಸಿದ. ಮತ್ತೆ ಬಿಚ್ಚಿದ. ಚಹಾ ತಂದ ಅತ್ತಿಗೆ ನಮ್ಮಿಬ್ಬರನ್ನೂ ನೋಡಿ ಲೋಟ ಇಟ್ಟು ಕೆಳಗಿಳಿದರು. ಅಣ್ಣ ಚಹಾ ಪಕ್ಕಕ್ಕೆ ಸರಿಸಿ, ಆ ಹುಡುಗಿಯ ಕೊರಳಿಗೆ ಗಾಯವಾಗಿದೆಯೇ ಎಂದು ಕೇಳಿದ. ಗೆರೆ ಎದ್ದಿದೆ ಎಂದೆ. ಅಲ್ಲೇ ಕೂಡು ಅಂತ ಅವಳಿಗೆ ಹೇಳಿದವನು ನಾನೇ, ಎಂದ ಅಣ್ಣ. ಆಮೇಲೆ, ಮುಚ್ಚಳದ ಅಂಚು ಎಷ್ಟು ಆಳ ಇಡುತ್ತಿ ಎಂದು ಕೇಳಿದ. ಮರುದಿನ ಮೊದಲ ಬಸ್ಸಿಗೆ ಬಂದ. ಬಂದವನೇ, ಮುಚ್ಚಳದ ಮೂಲೆಗಳು ಗುಂಡಗಿರಬೇಕು ಎಂದು ಶುರು ಮಾಡಿದ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು, ಆದರೆ ಗುಂಡಗೇ ಮಾಡಿದೆವು. ಸೀರೆ ಸಿಕ್ಕುವುದಿಲ್ಲವೆಂದು ಅವನು ಹೇಳಿದ್ದು ನಿಜವಾಗಿತ್ತು.

ಈ ಸಲ ಪರೀಕ್ಷೆಗೆ ಮರಳು ಬೇಡ ಎಂದೆ. ವರ್ಕ್‌ಶಾಪಿನ ಅಕ್ಕಪಕ್ಕದ ಕಂಪನಿಗಳಲ್ಲಿ ಪಾಳಿ ಬಿಟ್ಟವರನ್ನು ಕರೆದು ಅದೇ ಕೃಷಿ ಹೊಂಡದಲ್ಲಿ ಹತ್ತಿಸಿ, ಅಂಚಿನಲ್ಲಿ ನಿಂತು ಕುಣಿಯಿರಿ ಎಂದೆ. ಮದುವೆ ಮೆರವಣಿಗೆಯಲ್ಲಿ ಕುಣಿದ ಹಾಗೆ ಕುಣಿದರು. ದೋಣಿ ವಾಲಿತು, ನೀರು ಚಿಮ್ಮಿಸಿತು, ಆದರೆ ಬಾಯಿ ಬಿಡಲಿಲ್ಲ. ಅಣ್ಣ ನೋಡಲಾರದೆ ಆ ಕಡೆ ಮುಖ ಮಾಡಿ ನಿಂತಿದ್ದ.

ಆ ವರ್ಷ ಮಿರಗ ಕೈಕೊಡಲಿಲ್ಲ. ಆಷಾಢದ ಕೊನೆಗೆ ಹಿನ್ನೀರು ತುಂಬಿ, ಬೇಸಿಗೆಯ ಕಾಲುವೆ ಕೆರೆಯಂತಾಯಿತು. ದೋಣಿಯನ್ನು ಟ್ರೇಲರಿನಲ್ಲಿ ಕಬ್ಬಿನ ದಾರಿ ಹಿಡಿದು ಒಯ್ದೆವು. ಕೆಸರಿನಲ್ಲಿ ಟ್ರ್ಯಾಕ್ಟರು ಹಿಂದೆ ಸರಿಯುವಾಗ ಟ್ರೇಲರ್ ಕುತ್ತಿಗೆ ತಿರುವಿಕೊಂಡು ಅಡ್ಡ ನಿಂತಿತು. ಹೆಂಗಸರೇ ಬಂದು ತಳ್ಳಿ ಸರಿ ಮಾಡಿದರು. ಮುಚ್ಚಳ ಎತ್ತಿ ಕೂರಿಸಿದವರೂ ಅವರೇ. ಖಾಜಾಭಾಯಿ ಬೋಲ್ಟು ಬಿಗಿದರು. ಜಿಟಿಜಿಟಿ ಮಳೆ ಹಿಡಿದಿತ್ತು. ಆಚೆ ದಡದ ಸೋಯಾ ಹೊಲಗಳು ಮಂಜಿನಲ್ಲಿ ಅಷ್ಟಷ್ಟೇ ಕಾಣುತ್ತಿದ್ದವು.

ಚಂದ್ರಮ್ಮ ದೋಣಿ ಹತ್ತಿ, ಮುಚ್ಚಳದ ಮೇಲೆ ಉದ್ದಕ್ಕೂ ನಡೆದು, ನಡುವೆ ಒಂದು ಸಲ ಕಾಲಿನಿಂದ ಒದ್ದು ನೋಡಿದಳು. ಉಳಿದವರು ಹತ್ತಿದರು. ಅನಿತಾ ಕೊನೆಗೆ ಹತ್ತಿದಳು. ಸೆರಗನ್ನು ಎರಡು ಸುತ್ತು ಸೊಂಟಕ್ಕೆ ಬಿಗಿದಿದ್ದಳು. ನಡುವೆ ಕೂರಲಿಲ್ಲ, ಹಗ್ಗದ ಹತ್ತಿರ ಹೋಗಿ ನಿಂತು ತಾನೂ ಜಗ್ಗತೊಡಗಿದಳು.

ನಾನು, ಅಣ್ಣ ಅದೇ ದೋಣಿಯಲ್ಲಿದ್ದೆವು. ನಡುನೀರು ದಾಟಿತು. ಆಚೆ ದಡ ಹತ್ತಿರ ಬಂತು. ಅಣ್ಣ ಎದ್ದು, ಯಾರೂ ಏಳಬೇಡಿ, ಒಬ್ಬೊಬ್ಬರಾಗಿ, ಮೊದಲು ಹಿಂದಿನವರು ಎಂದು ಶುರು ಮಾಡಿದ. ಅವನ ಮಾತು ಮುಗಿಯುವ ಮೊದಲೇ ಎಲ್ಲರೂ ಎದ್ದರು. ಬುತ್ತಿ ಗಂಟು ತಲೆಗಿಟ್ಟು, ಮಾತಾಡುತ್ತ, ಒಬ್ಬರ ಹೆಗಲು ಒಬ್ಬರು ಹಿಡಿದು, ಎಲ್ಲರೂ ಅದೇ ಹೊರ ಅಂಚಿಗೆ ಬಂದು ನಿಂತರು. ದೋಣಿ ಆ ಕಡೆ ವಾಲಿತು. ಅಣ್ಣ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡ. ನೋವಾಗುವಷ್ಟು ಗಟ್ಟಿಯಾಗಿ. ದೋಣಿ ಸ್ವಲ್ಪ ಹೊತ್ತು ಹಾಗೇ ಇದ್ದು, ಮೂತಿ ಕೆಸರಿಗೆ ತಾಗಿಸಿ ನಿಂತಿತು. ಅವರು ಒಬ್ಬೊಬ್ಬರಾಗಿ ಅಲ್ಲ, ಗುಂಪಾಗಿಯೇ ಇಳಿದು ಹೊಲದ ದಾರಿ ಹಿಡಿದರು. ಅನಿತಾಳ ನಗು ಎಲ್ಲರಿಗಿಂತ ಮುಂದೆ ಕೇಳಿಸುತ್ತಿತ್ತು.

ಅಣ್ಣ ತೋಳು ಬಿಟ್ಟು ಮುಚ್ಚಳದ ಮೇಲೆ ಕೂತುಬಿಟ್ಟ. ಮಳೆ ಅವನ ಬಿಳಿ ತಲೆಯಿಂದ ಇಳಿಯುತ್ತಿತ್ತು. ಒಬ್ಬರೂ ಹೇಳಿದ್ದು ಕೇಳಲಿಲ್ಲ ನೋಡು ಅಂದ. ಸಿಟ್ಟೋ ಸಂತೋಷವೋ ಧ್ವನಿಯಲ್ಲಿ ತಿಳಿಯಲಿಲ್ಲ.

ದಡದಲ್ಲಿ ಹಿಂದೆ ಉಳಿದಿದ್ದ ಚಂದ್ರಮ್ಮ ತಿರುಗಿ ನೋಡಿದಳು. ದೋಣಿ ಚೆನ್ನಾಗಿದೆ ಅನ್ನುತ್ತಾಳೆಯೇ ಎಂದು ಅಣ್ಣ ಕತ್ತೆತ್ತಿದ.

"ಸಾಹೇಬ್ರ, ಜಾಗಾ ಬಾಳ ಅದ ಇದರಾಗ. ನಾಳಿಗೆ ಆಡೂ ತರ್ತೇವಿ," ಅಂದಳು.

ಆಡು ಬೇಡ, ಆಡಿಗೆ ಲೆಕ್ಕ ಹಾಕಿಲ್ಲ ಎಂದು ಅಣ್ಣ ದಡಕ್ಕೆ ಇಳಿದು ಅವಳ ಹಿಂದೆ ಹೋಗಿ ವಿವರಿಸಿದ. ಅವಳು ಎಲ್ಲ ಕೇಳಿಸಿಕೊಂಡು ತಲೆಯಾಡಿಸಿದಳು.

ಮರುದಿನ ಹನ್ನೊಂದು ಆಡು, ಒಂದು ಎಮ್ಮೆಯ ಕರು ತಂದರು.